ಗಾಳಿ ಬಡಿದ ಹೆಲಿಕಾಪ್ಟರ್

"ಮಾವನ್ನೋರ ತಲಿ ಮ್ಯಾಲ ಆಕಾಶದಿಂದ ಹೂವಿನ ಮಳಿ ಸುರಿಲಿಲ್ಲಂದ್ರ ನನ್ನ ಹೆಸರು ರಾಜಶೇಖರನ ಅಲ್ಲ."

ಏಪ್ರಿಲ್ ತಿಂಗಳ ಕೊನೆಯ ಭಾನುವಾರ, ಜೋಗುಪಾಳ್ಯದ ಬಾಡಿಗೆ ಮನೆಯೊಂದರ ಹಾಲಿನಲ್ಲಿ ಈ ಪ್ರತಿಜ್ಞೆ ಹೊರಬಿದ್ದಾಗ ಅದನ್ನು ಕೇಳಿಸಿಕೊಳ್ಳಲು ಇದ್ದವರು ಮೂವರು. ರಾಜಶೇಖರನ ಹೆಂಡತಿ ಗೌತಮಿ, ತಾಯಿ ಶರಣವ್ವ, ಮತ್ತು ಮೂರನೇ ನಂಬರಿನಲ್ಲಿ ಗಿರಗಿರ ತಿರುಗುತ್ತಿದ್ದ ಸೀಲಿಂಗ್ ಫ್ಯಾನು. ಕಿಟಕಿ ಪಕ್ಕದ ಮಂಚದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಶರಣವ್ವ ತಲೆ ಎತ್ತಲಿಲ್ಲ. ಗೌತಮಿ ಮಾತ್ರ, "ಹೆಸರು ಬದಲಾದ್ರ ಆಧಾರ್ ಕಾರ್ಡಿಗೆ ನೀವ ಹೋಗಿ ಪಾಳಿ ಹಚ್ಚಬೇಕು ನೋಡ್ರಿ, ನನ್ನ ಕಳಿಸಬ್ಯಾಡ್ರಿ" ಎಂದಳು. ಫ್ಯಾನು ಏನೂ ಹೇಳಲಿಲ್ಲ. ಹೇಳಬೇಕಾದುದನ್ನೆಲ್ಲ ಅದು ಮೇ ಹದಿನೆಂಟಕ್ಕೆಂದು ಇಟ್ಟುಕೊಂಡಿತ್ತು.

ಮಾವ ಎಂದರೆ ಪಂಚಾಕ್ಷರಯ್ಯನವರು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವರು. ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನನ್ನು ಅವನ ಉಸಿರಾಟದ ಸದ್ದಿನಿಂದಲೇ ಹಿಡಿಯುತ್ತಾರೆಂಬ ಖ್ಯಾತಿಯವರು. ಅವರ ಕೈಯಲ್ಲಿ ಕಲಿತ ಸಾವಿರಾರು ಹುಡುಗರಲ್ಲಿ ರಾಜಶೇಖರನೂ ಒಬ್ಬ. ಮುಂದೆ ಹೋಗಿ ಅವರ ಅಳಿಯನೂ ಆದ ಸಾಹಸಿ ಅವನೊಬ್ಬನೇ.

ಇಪ್ಪತ್ತೆರಡು ವರ್ಷದ ಹಿಂದೆ, ಹತ್ತನೇ ತರಗತಿಯಲ್ಲಿ, ಲೋಲಕದ ಪ್ರಯೋಗವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಸ್ಕೇಲಿಟ್ಟು ಅಂಚು ಎಳೆದು, ಅವರ ಮೇಜಿನ ಮೇಲೆ ಇಟ್ಟಿದ್ದ. ಲೋಲಕ ಗೋಡೆಗೆ ತಾಗಿ ತಾಗಿ ತೂಗುತ್ತಿದ್ದುದು ಅವನ ಗಮನಕ್ಕೆ ಬಂದಿರಲಿಲ್ಲ. ಮರಳಿ ಬಂದ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ನಾಲ್ಕು ಪದಗಳಿದ್ದವು: "ಬರವಣಿಗೆ ಚೆನ್ನಾಗಿದೆ. ವೀಕ್ಷಣೆ ಸಾಲದು."

ಬಿ.ಎಸ್ಸಿ. ಆಯಿತು, ಎಂ.ಎಸ್ಸಿ. ಆಯಿತು, ಕೆ.ಆರ್. ಪುರದ ಲ್ಯಾಬೊಂದರಲ್ಲಿ ನೌಕರಿ ಆಯಿತು. ಆ ನಾಲ್ಕು ಪದಗಳು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ಮಾವಿನ ನಾರಿನ ಹಾಗೆ ಉಳಿದುಬಿಟ್ಟವು. ಲ್ಯಾಬಿನಲ್ಲಿ ಅವನ ಕೆಲಸವೇ ಬೇರೆಯವರ ತಕ್ಕಡಿಗಳ ತಪ್ಪು ಹಿಡಿಯುವುದು. ಔಷಧ ಕಂಪನಿಗಳ ತಕ್ಕಡಿ, ಚಿನ್ನದ ಅಂಗಡಿಗಳ ತಕ್ಕಡಿ, ಎಲ್ಲವೂ ಅವನ ಸಹಿಗಾಗಿ ಕಾಯುತ್ತವೆ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಕ ನೋಡುವಾಗ ಹೊಸದಾಗಿ ಸೇರಿದವರು ಯಾರಾದರೂ ಹತ್ತಿರ ಬಂದರೆ, "ಗಾಜಿನ ಬಾಗಿಲು ಮುಚ್ಚಿ ಮೊದ್ಲು. ಉಸಿರಾಡೋದಿದ್ರೆ ಆ ಕಡೆ ತಿರುಗಿ ಆಡಿ" ಎಂದು ಗದರುವವನು. ಇಂಥವನಿಗೆ ವೀಕ್ಷಣೆ ಸಾಲದಂತೆ!

ಈಗ ಅವಕಾಶ ತಾನಾಗಿಯೇ ಬಂದಿತ್ತು. ಮೇ ತಿಂಗಳಲ್ಲಿ ಪಂಚಾಕ್ಷರಯ್ಯನವರಿಗೆ ಅರವತ್ತು ತುಂಬುತ್ತಿತ್ತು. ಕಣ್ಣಿನ ಪೊರೆ ತೆಗೆಸಲು ಹೇಗೂ ಬೆಂಗಳೂರಿಗೆ ಬರುವವರಿದ್ದರು. ಇಪ್ಪತ್ತನೇ ತಾರೀಖು ಆಪರೇಷನ್. ಅದಕ್ಕೆ ಎರಡು ದಿನ ಮೊದಲು, ಹದಿನೆಂಟರ ಭಾನುವಾರ, ಮಗಳ ಮನೆಯಲ್ಲೇ ಮಣೆಯ ಮೇಲೆ ಕೂರಿಸಿ ಆರತಿ ಮಾಡುವುದೆಂದು ಗೌತಮಿ ಗೊತ್ತು ಮಾಡಿದ್ದಳು. ಆರತಿಯ ಹೊತ್ತಿಗೆ ಸರಿಯಾಗಿ ಒಂದು ಪುಟ್ಟ ಹೆಲಿಕಾಪ್ಟರ್ ಮೇಲೇಳಬೇಕು, ಮಾವನವರ ತಲೆಯ ಮೇಲೆ ನಿಶ್ಚಲವಾಗಿ ನಿಲ್ಲಬೇಕು, ವರ್ಷಕ್ಕೊಂದರಂತೆ ಅರವತ್ತು ಗುಲಾಬಿ ಎಸಳು ಸುರಿಸಬೇಕು. ಬಳಿಕ ಇಡೀ ಪ್ರಯೋಗದ ನೋಟ್‌ಬುಕ್ಕನ್ನು ಅವರ ಕೈಗೆ ಕೊಡಬೇಕು. ಅವರು ಕೆಂಪು ಪೆನ್ನು ತೆಗೆದು ಹಳೆಯ ಷರಾವನ್ನು ತಿದ್ದಿ ಹೊಸದೊಂದು ಬರೆಯಬೇಕು. ಹೂವಿನ ಮಳೆಯೆಲ್ಲ ಬರೀ ನೆಪ. ರಾಜಶೇಖರನಿಗೆ ಬೇಕಾಗಿದ್ದುದು ಆ ಷರಾ.

ಹೆಲಿಕಾಪ್ಟರ್ ಸಿಕ್ಕಿದ್ದು ಶಿವಾಜಿನಗರದ ನಯಾಜ್ ಅಂಗಡಿಯಲ್ಲಿ. ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ನಯಾಜ್ ಒಂದು ಕೈಯಲ್ಲಿ ಮೊಬೈಲ್ ರಿಪೇರಿ ಮಾಡುತ್ತ ಇನ್ನೊಂದು ಕೈಯಲ್ಲಿ ಆಟದ ವಿಮಾನಗಳ ರೆಕ್ಕೆ ಅಂಟಿಸುತ್ತಿದ್ದ. ರಾಜಶೇಖರನ ಯೋಜನೆ ಕೇಳಿ ಅವನು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟ.

"ಸಾರ್, ಹೊಸಬರಿಗೆ ಡ್ರೋನ್ ಒಳ್ಳೇದು. ಕೈ ಬಿಟ್ರೂ ನಿಂತ್ಕೊಳ್ಳುತ್ತೆ. ಹೆಲಿಕಾಪ್ಟರ್ ಹಂಗಲ್ಲ, ಜರಾ ಜಿದ್ದಿ."

"ತಾನಾಗೇ ನಿಲ್ಲೋದನ್ನ ನಿಲ್ಲಿಸಿದ್ರೆ ಅದರಲ್ಲಿ ನನ್ನದೇನಿದೆ ನಯಾಜ್?"

ನಯಾಜ್ ನಿಟ್ಟುಸಿರು ಬಿಟ್ಟು ಮೊಳದುದ್ದದ ಕೆಂಪು ಹೆಲಿಕಾಪ್ಟರೊಂದನ್ನು ಇಳಿಸಿದ. ರಿಮೋಟಿನಲ್ಲಿ ಎರಡು ಕಡ್ಡಿ. ಒಂದು ಮೇಲೇರಿಸಿ ಇಳಿಸಲು, ಇನ್ನೊಂದು ಆಚೀಚೆ ನಡೆಸಲು. ಕಡ್ಡಿಗಳ ಪಕ್ಕದಲ್ಲಿ ಸಣ್ಣ ಗುಂಡಿಗಳು. ಅವೇ ಟ್ರಿಮ್ ಗುಂಡಿಗಳು. ಕಡ್ಡಿ ಮುಟ್ಟದೆಯೇ ಹೆಲಿಕಾಪ್ಟರ್ ಎಡಕ್ಕೆ ಜಾರಿದರೆ ಗುಂಡಿಯನ್ನು ಬಲಕ್ಕೆ ಒತ್ತಬೇಕು. ಬಲಕ್ಕೆ ಜಾರಿದರೆ ಎಡಕ್ಕೆ. ಒಂದು ಒತ್ತಿಗೆ ಒಂದು ಬೀಪ್, ಒಂದು ಪಾಯಿಂಟ್. ಕಡ್ಡಿ ಬಿಟ್ಟರೂ ಇದ್ದಲ್ಲೇ ನಿಂತಿತೆಂದರೆ ಟ್ರಿಮ್ ಆಯಿತೆಂದು ಅರ್ಥ. ಆಗ ಶಿವಾಜಿನಗರದಲ್ಲಿ ಕರೆಂಟ್ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ನಯಾಜ್ ಅದನ್ನು ಕೌಂಟರಿನಿಂದ ಎಬ್ಬಿಸಿದ. ಹೆಲಿಕಾಪ್ಟರ್ ದಾರಕ್ಕೆ ತೂಗುಹಾಕಿದಂತೆ ಗಾಳಿಯಲ್ಲಿ ನಿಂತಿತು. "ಟ್ರಿಮ್ ಜೀರೋ ಸಾರ್. ಫಸ್ಟ್ ಕ್ಲಾಸ್ ಪೀಸ್" ಎಂದ.

ಮೇ ಒಂದರಂದು, ಕಾರ್ಮಿಕ ದಿನದ ರಜೆಯಲ್ಲಿ, ಮಹಾಪ್ರಯೋಗ ಆರಂಭವಾಯಿತು.

ರಾಜಶೇಖರ ಹಾಲನ್ನು ಲ್ಯಾಬಾಗಿ ಪರಿವರ್ತಿಸಿದ ರೀತಿಯನ್ನು ಗೌತಮಿ ಬಾಗಿಲಲ್ಲಿ ನಿಂತು ನೋಡಿದಳು. ಮಾವನವರ ಮಣೆ ಇಡುವ ಜಾಗಕ್ಕೆ, ಫ್ಯಾನಿಗೂ ಕಿಟಕಿಗೂ ನಡುವೆ, ಸೀಮೆಸುಣ್ಣದ ವೃತ್ತ. ವೃತ್ತದ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಹೆಲಿಕಾಪ್ಟರ್. ಸ್ಟೂಲು ಸಮವಾಗಿದೆಯೇ ಎಂದು ನೋಡಲು ಗಾರೆಯವರ ರಸಮಟ್ಟ. ಗೋಡೆಗೆ ಥರ್ಮಾಮೀಟರ್, ತೇವಾಂಶ ಅಳೆಯುವ ಡಬ್ಬಿ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಎಳೆದ ಕಲಮುಗಳು: ದಿನಾಂಕ, ವೇಳೆ, ಬ್ಯಾಟರಿಯ ವೋಲ್ಟ್, ಉಷ್ಣತೆ, ತೇವಾಂಶ, ಸ್ಟೂಲಿನ ಮಟ್ಟ, ಟ್ರಿಮ್, ಷರಾ. ಲೋಕದಲ್ಲಿ ಅಳೆಯಬಹುದಾದ ಯಾವುದನ್ನೂ ಅವನು ಬಿಟ್ಟಿರಲಿಲ್ಲ. ತಲೆಯ ಮೇಲೆ ತಿರುಗುತ್ತಿದ್ದ ಒಂದನ್ನು ಬಿಟ್ಟು.

ಮೊದಲ ಹಾರಾಟ ನಾಲ್ಕು ಸೆಕೆಂಡಿನದು. ಹೆಲಿಕಾಪ್ಟರ್ ಸ್ಟೂಲಿನಿಂದ ಎದ್ದು, ಎಡಕ್ಕೆ, ಕಿಟಕಿಯ ಕಡೆಗೆ ಜಾರಿ, ಶರಣವ್ವನ ಹುಣಸೆಹಣ್ಣಿನ ಮೊರದೊಳಗೆ ಕೂತಿತು. ರಾಜಶೇಖರ ಗುಂಡಿಯನ್ನು ಬಲಕ್ಕೆ ಒತ್ತಿದ. ಬೀಪ್. ಎರಡನೇ ಸಲವೂ ಮೊರ. ಬೀಪ್, ಬೀಪ್. ಮೂರನೆಯ ದಿನಕ್ಕೆ ಬಲಕ್ಕೆ ಏಳು ಪಾಯಿಂಟ್ ಆಗಿತ್ತು. ಶರಣವ್ವ ಮೊರವನ್ನು ಸೆರಗಿನಿಂದ ಮುಚ್ಚಿಕೊಂಡು, ತೂರಾಡುವ ಹೆಲಿಕಾಪ್ಟರನ್ನು ಬಹಳ ಹೊತ್ತು ನೋಡಿ ಹೇಳಿದಳು:

"ತಮ್ಮಾ, ಅದಕ್ಕ ಗಾಳಿ ಬಡದೈತಿ."

ರಾಜಶೇಖರ ನಕ್ಕ. ಅವರ ಕಡೆ ಎಮ್ಮೆ ಹಾಲು ಕೊಡದಿದ್ದರೂ ಗಾಳಿ ಬಡಿದಿರುತ್ತದೆ, ಹುಡುಗಿ ಊಟ ಬಿಟ್ಟರೂ ಗಾಳಿ ಬಡಿದಿರುತ್ತದೆ. ಎಲ್ಲಕ್ಕೂ ಬೇವಿನ ಸೊಪ್ಪು, ತಾಯತ. "ಅವ್ವಾ, ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆತು. ಆ ಗಾಳಿ, ದೆವ್ವ ಎಲ್ಲಾ ಊರಾಗ ಬಿಡು ಅಂದಿದ್ನಿಲ್ಲೋ?" ಎಂದ.

ಶರಣವ್ವ ಮಗನ ಮುಖ ನೋಡಿದಳು, ಮೇಲೆ ನೋಡಿದಳು. "ಫ್ಯಾನ್ ಆರಿಸ್ಲೇನಪಾ?" ಎಂದಳು.

ರಾಜಶೇಖರ ಗೋಡೆಯ ಥರ್ಮಾಮೀಟರ್ ನೋಡಿದ. ಮೂವತ್ತಾರು ಡಿಗ್ರಿ ಸೆಕೆ. ಅಂಥದ್ದರಲ್ಲೂ ಅವ್ವನಿಗೆ ಕರೆಂಟಿನ ಚಿಂತೆ. ಇಡೀ ಜನ್ಮ ಹೀಗೇ ತನ್ನ ಪಾಲಿನ ಗಾಳಿಯನ್ನೂ ಮಕ್ಕಳಿಗಾಗಿ ಉಳಿಸಿದವಳು. "ಬ್ಯಾಡವ್ವಾ, ನೀ ಆರಾಮ ಕೂಡು" ಎಂದು ಎದ್ದುಹೋಗಿ, ಪ್ರೀತಿಯಿಂದ ರೆಗ್ಯುಲೇಟರನ್ನು ಮೂರರಿಂದ ನಾಲ್ಕಕ್ಕೆ ತಿರುಗಿಸಿದ.

ಮರುದಿನ ಟ್ರಿಮ್ ಏಳು ಸಾಲದೆ ಹನ್ನೊಂದಕ್ಕೆ ಹೋಯಿತು. ಷರಾ ಕಲಮಿನಲ್ಲಿ ಅವನು ಮುತ್ತಿನಂಥ ಅಕ್ಷರದಲ್ಲಿ ಬರೆದ: "ಕಾರಣ: ಬ್ಯಾಟರಿ ಹೊಸದು."

ಅತ್ತ ಗೌತಮಿಗೆ ಬೇರೆಯದೇ ಚಿಂತೆ. ಗಂಡನ ಗಡ್ಡ ಜೋಗುಪಾಳ್ಯದ ಖಾಲಿ ಸೈಟಿನಂತೆ ಬೆಳೆದಿತ್ತು. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಆಫೀಸಿಗೆ ಹೊರಡುವಾಗ, "ರೀ, ಇವತ್ತರೆ ಟ್ರಿಮ್ ಮಾಡಿಸ್ರಿ" ಎನ್ನುತ್ತಿದ್ದಳು. "ಮಾಡಿಸೂದೇನ, ನಾನ ಮಾಡಾಕತ್ತೀನಿ. ಹನ್ನೊಂದು ಪಾಯಿಂಟ್ ಆತು" ಎಂಬ ಉತ್ತರ ಬರುತ್ತಿತ್ತು. ಒಂದು ಸಂಜೆ ಲಿಂಗಸುಗೂರಿನಿಂದ ತಂದೆಯ ಫೋನ್ ಬಂದಾಗ ಅಳಿಯಂದಿರು ಏನು ಮಾಡುತ್ತಿದ್ದಾರೆಂದು ಕೇಳಿದರು. ಪುಷ್ಪವೃಷ್ಟಿಯ ಗುಟ್ಟು ಬಿಡುವಂತಿರಲಿಲ್ಲ. ಟ್ರಿಮ್ ಮಾಡುತ್ತಿದ್ದಾರೆ ಎಂದಳು. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದಾಗಲೂ ಅದೇ ಉತ್ತರ. ಪಂಚಾಕ್ಷರಯ್ಯನವರು ಅಷ್ಟು ದೊಡ್ಡ ಗಡ್ಡವೇ ಎಂದು ವಿಚಾರಿಸಿದರಂತೆ.

ಹದಿನಾಲ್ಕನೆಯ ದಿನಕ್ಕೆ ಟ್ರಿಮ್ ಬಲಕ್ಕೆ ಹದಿನಾಲ್ಕು ಪಾಯಿಂಟಿಗೆ ಬಂದು ನಿಂತಿತು. ಅಷ್ಟರಲ್ಲಿ ರೆಗ್ಯುಲೇಟರೂ ಐದಕ್ಕೆ ಬಂದಿತ್ತು. ಹೆಲಿಕಾಪ್ಟರ್ ವೃತ್ತದ ಮೇಲೆ, ಆಳೆತ್ತರದಲ್ಲಿ, ಅಲ್ಲಾಡದೆ ನಿಲ್ಲತೊಡಗಿತು. ರಾಜಶೇಖರ ರಿಮೋಟ್ ಕೆಳಗಿಟ್ಟು ಕೈ ಕಟ್ಟಿ ನಿಂತು ಅದನ್ನು ನೋಡಿದ ಭಂಗಿಯನ್ನು ಯಾರಾದರೂ ಆಗ ಕಲ್ಲಿನಲ್ಲಿ ಕೆತ್ತಿದ್ದರೆ ಹಲಸೂರು ಕೆರೆಯ ದಂಡೆಯಲ್ಲಿ ನಿಲ್ಲಿಸಬಹುದಿತ್ತು.

ಹೂವಿನ ಏರ್ಪಾಟಿಗೆ ಅವನು ನಯಾಜ್ ಹತ್ತಿರ ಹೋದ. ನಯಾಜ್ ಹೆಲಿಕಾಪ್ಟರಿನ ಮೂತಿಯ ಕೆಳಗೆ ಒಂದು ಕಾಗದದ ಬಟ್ಟಲು ಕಟ್ಟಿದ. ಮೂತಿ ಮುಂದಕ್ಕೆ ಬಾಗಿದರೆ ಮಾತ್ರ ಬಟ್ಟಲು ಬಗ್ಗಿ ಎಸಳು ಸುರಿಯಬೇಕು. ಪರೀಕ್ಷೆಗೆಂದು ಎಬ್ಬಿಸಿದ. ಹೆಲಿಕಾಪ್ಟರ್ ನೆಟ್ಟಗೆ ಬಲಕ್ಕೆ ನುಗ್ಗಿ ನೇತಾಡುತ್ತಿದ್ದ ಮೊಬೈಲ್ ಕವರುಗಳ ಸಾಲಿಗೆ ಬಡಿಯಿತು. ನಯಾಜ್ ರಿಮೋಟ್ ನೋಡಿ ಹುಬ್ಬೇರಿಸಿದ.

"ಹದಿನಾಲ್ಕು ಪಾಯಿಂಟಾ? ಇಲ್ಲಿ ಜೀರೋದಲ್ಲಿ ನಿಂತಿತ್ತಲ್ಲ ಸಾರ್. ನಿಮ್ಮನೇಲಿ ಗಾಳಿ ಇರ್ಬೇಕು."

ರಾಜಶೇಖರನಿಗೆ ಬೇಸರವಾಯಿತು. ಅವ್ವನಾದರೆ ಹಳ್ಳಿಯವಳು. "ನೀನೂ ಅದನ್ನೇ ಹೇಳ್ತೀಯಲ್ಲ ಗುರು. ನಾನು ಎಂ.ಎಸ್ಸಿ. ಓದಿದೀನಿ."

"ಎಂ.ಎಸ್ಸಿ. ಓದಿದವ್ರ ಮನೇಲಿ ಗಾಳಿ ಇರಬಾರ್ದಾ ಸಾರ್?" ಎಂದ ನಯಾಜ್, ನಿಜವಾಗಿಯೂ ತಿಳಿಯದೆ.

ಮೂಢನಂಬಿಕೆ ಎಲ್ಲ ಮತದಲ್ಲೂ ಇದೆಯೆಂದುಕೊಂಡು ರಾಜಶೇಖರ ಆ ಚರ್ಚೆಯನ್ನು ಅಲ್ಲಿಗೇ ಬಿಟ್ಟ. ನಯಾಜನನ್ನು ಹದಿನೆಂಟರ ಊಟಕ್ಕೆ ಕರೆದು ಬಂದ. ನೋಟ್‌ಬುಕ್ಕಿನಲ್ಲಿ ಬರೆದ: "ಶಿವಾಜಿನಗರದ ಅಂಗಡಿಯ ನೆಲ ಇಳಿಜಾರು. ಅಲ್ಲಿನ ಅಳತೆ ಅಮಾನ್ಯ."

ಅರವತ್ತು ಎಸಳುಗಳನ್ನು ಲ್ಯಾಬಿನ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ, ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ತೂಗಿದ. ಎಂಟು ಗ್ರಾಂ ನಾನೂರು ಮಿಲಿಗ್ರಾಂ. ಅದನ್ನೂ ಬರೆದ. ಹದಿನೇಳರ ಸಂಜೆಯ ಕೊನೆಯ ಅಭ್ಯಾಸದಲ್ಲೂ ಶರಣವ್ವ ಕೇಳಿದಳು, "ಫ್ಯಾನ್ ಆರಿಸ್ಲೇನಪಾ?" ಅವನು ಬೇಡವೆಂದು ಅವಳ ತಲೆ ನೇವರಿಸಿದ.

ಭಾನುವಾರ ಬಂತು. ಕೆಳಗಿನ ಕೋಣೆಯಲ್ಲಿದ್ದ ಯಾದಗಿರಿ ಕಡೆಯ ಪೀರಮ್ಮ ಬೆಳಗಾಗುತ್ತಲೇ ಬಂದು ಗೌತಮಿಯ ಜೊತೆ ಹೋಳಿಗೆ ಬೇಯಿಸಿದ್ದಳು. ಅಡುಗೆಮನೆಯ ಬಾಗಿಲ ಬಳಿ, ಹಾಲಿನ ಬಲತುದಿಯಲ್ಲಿ, ದೊಡ್ಡ ಪಾತ್ರೆ ತುಂಬ ಮಾವಿನ ಹಣ್ಣಿನ ಶೀಕರಣೆ. ನಯಾಜ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಗೋಡೆಗೊರಗಿ ನಿಂತ. ಪಂಚಾಕ್ಷರಯ್ಯನವರು ಬಿಳಿ ಧೋತರ, ದಪ್ಪ ಕನ್ನಡಕದಲ್ಲಿ ಬಂದು ಮಣೆಯ ಮೇಲೆ ಕೂತರು. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಅಳಿಯನ ಮುಖವನ್ನು ನಿರುಕಿಸಿದರು.

"ಹದಿನೇಳು ದಿನ ಟ್ರಿಮ್ ಮಾಡಿದ್ರಂತಲ್ಲ. ಗಡ್ಡ ಹಂಗ ಐತಲ್ರಿ?"

ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ ಎಂದು ರಾಜಶೇಖರ ನಕ್ಕ. ಬ್ಯಾಟರಿಯ ವೋಲ್ಟ್ ನೋಡಲು ಗೋಡೆಯ ಕಡೆ ತಿರುಗಿದ.

ಅವನು ಆ ಕಡೆ ತಿರುಗಿದ್ದಾಗ ಈ ಕಡೆ ನಡೆದದ್ದು ಇಷ್ಟೇ. ಪೀರಮ್ಮ ಆರತಿ ತಟ್ಟೆಯ ಐದು ಬತ್ತಿ ಹಚ್ಚಿದಳು. ಫ್ಯಾನಿನ ಗಾಳಿಗೆ ಐದೂ ಆರಿದವು. ಮತ್ತೆ ಹಚ್ಚಿದಳು, ಮತ್ತೆ ಆರಿದವು. ಶರಣವ್ವ ಮಂಚದಿಂದ ಕೈಚಾಚಿ ಸ್ವಿಚ್ಚು ಒತ್ತಿದಳು. ಆರತಿ ಹೊತ್ತಿಗೆ ಫ್ಯಾನ್ ಆರಿಸುವುದು ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅದಕ್ಕೆ ಮಗನ ಅಪ್ಪಣೆಯೂ ಬೇಕಿರಲಿಲ್ಲ. ಫ್ಯಾನು ನಿಧಾನವಾಗಿ ನಿಂತಿತು. ಬತ್ತಿಗಳು ನೆಟ್ಟಗೆ ಉರಿದವು.

ರಾಜಶೇಖರ ತಿರುಗಿದ. ಹೆಲಿಕಾಪ್ಟರನ್ನು ಸ್ಟೂಲಿನ ಮೇಲಿಟ್ಟ. ಎಸಳಿನ ಬಟ್ಟಲು ತುಂಬಿದ. ಗಂಟಲು ಸರಿಮಾಡಿಕೊಂಡು, ಹದಿನೇಳು ದಿನದ ನಿಯಂತ್ರಿತ ಪ್ರಯೋಗದ ಫಲವನ್ನು ತನಗೆ ವೀಕ್ಷಣೆ ಕಲಿಸಿದ ಗುರುಗಳ ತಲೆಯ ಮೇಲೆಯೇ ಅರ್ಪಿಸುತ್ತಿರುವುದಾಗಿ ಸಾರಿದ. ಕಡ್ಡಿ ಮೇಲೆತ್ತಿದ.

ಹೆಲಿಕಾಪ್ಟರ್ ಎದ್ದಿತು, ಆಳೆತ್ತರಕ್ಕೆ ಬಂತು. ಗೌತಮಿ ಕೈ ಜೋಡಿಸಿದಳು. ಮರುಕ್ಷಣ ಅದು ಮಾವನವರಿಗೆ ಬೆನ್ನು ಹಾಕಿ, ಬಲಕ್ಕೆ, ಕೆಲಸ ನೆನಪಾದವರ ಹಾಗೆ ಹೊರಟಿತು.

ಗಾಬರಿಯಾಗುವ ಮನುಷ್ಯ ರಾಜಶೇಖರನಲ್ಲ. ಹದಿನೇಳು ದಿನದ ಅಳತೆ ಸುಳ್ಳಾಗಲು ಸಾಧ್ಯವಿಲ್ಲ. ಒಂದು ಕ್ಷಣದ ಚಾಂಚಲ್ಯ, ತಾನಾಗಿ ಸರಿಹೋಗುತ್ತದೆ ಎಂದು ಟ್ರಿಮ್ ಗುಂಡಿಯನ್ನು ಮುಟ್ಟದೆ ನಿಂತ. ಹೆಲಿಕಾಪ್ಟರ್ ಪೀರಮ್ಮನ ಆರತಿ ತಟ್ಟೆಯ ಮೇಲೆ ಹಾದುಹೋಯಿತು. ಐದು ಬತ್ತಿಗಳೂ ಆರಿದವು.

ಮಣೆಯ ಮೇಲಿದ್ದ ಪಂಚಾಕ್ಷರಯ್ಯನವರು ಹೆಲಿಕಾಪ್ಟರನ್ನು ನೋಡಿದರು. ತಲೆ ಎತ್ತಿ ಮೇಲೆ ನೋಡಿದರು. "ಹಚ್ಚರಿ" ಎಂದರು.

ಪೀರಮ್ಮ ಬತ್ತಿ ಹಚ್ಚಿದಳು. ರಾಜಶೇಖರ ಹೆಲಿಕಾಪ್ಟರನ್ನು ಕಡ್ಡಿಯಿಂದ ಎಡಕ್ಕೆ ಎಳೆದ. ಅದು ಮತ್ತೆ ತಟ್ಟೆಯ ಮೇಲೆ ಬಂತು, ಬತ್ತಿಗಳು ಮತ್ತೆ ಆರಿದವು.

"ಹಚ್ಚರಿ ಅಂದ್ನೆಲ್ಲ" ಎಂದರು ಪಂಚಾಕ್ಷರಯ್ಯನವರು, ದನಿ ಏರಿಸಿ.

ಗೌತಮಿ ಕಡ್ಡಿಪೆಟ್ಟಿಗೆ ಹಿಡಿದು ಓಡಿಬಂದಳು. ನಯಾಜ್ ಕಿಸೆಯಿಂದ ಲೈಟರ್ ತೆಗೆದು ನೆರವಿಗೆ ನಿಂತ. ಹಿರಿಯರಿಗೆ ಆರತಿ ಆರಿದ್ದು ಅಪಶಕುನವೆನಿಸಿದೆ ಎಂದು ಗೌತಮಿ ದೇವರ ಮುಂದಿನ ಸಮೆ ದೀಪವನ್ನೂ ತಂದು ಹಚ್ಚಿದಳು. "ಅಲ್ರಿ, ಹಚ್ಚರಿ" ಎಂದು ಅವರು ಮತ್ತೊಮ್ಮೆ ಹೇಳಿದಾಗ ಪೀರಮ್ಮ ಊದುಬತ್ತಿಯ ಕಟ್ಟನ್ನೇ ಹಚ್ಚಿದಳು. ಹಾಲು ದೀಪಾವಳಿಯಂತಾಯಿತು. ಹೊಗೆಯ ನಡುವೆ ಹೆಲಿಕಾಪ್ಟರ್ ಕಣ್ಣಿಗೆ ಕಾಣದಾಯಿತು. ಹಿಂದಕ್ಕೆ ಎಳೆಯಲೆಂದು ರಾಜಶೇಖರ ಕಡ್ಡಿ ಜಗ್ಗಿದಾಗ ಅದರ ಮೂತಿ ಮೇಲೆದ್ದು, ಬಾಲ ತಗ್ಗಿ, ಅದು ಶೀಕರಣೆಯ ಪಾತ್ರೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಬಂದು, ಹದಿನೇಳು ದಿನ ಅವನು ಬಯಸಿದಂತೆಯೇ, ನಿಶ್ಚಲವಾಗಿ ನಿಂತಿತು.

ಕೆಳಮುಖ ಬೀಸುವ ರೆಕ್ಕೆ, ಮೇಲ್ಮುಖ ತೆರೆದ ಪಾತ್ರೆ. ಮುಂದಿನದನ್ನು ಹೈಸ್ಕೂಲಿನ ಹುಡುಗನೂ ಹೇಳಬಲ್ಲ.

ಶೀಕರಣೆ ವೃತ್ತಾಕಾರವಾಗಿ ಎದ್ದಿತು. ಗೌತಮಿಯ ಇಳಕಲ್ ಸೀರೆಗೆ ಹೊಸ ಚುಕ್ಕೆಗಳು ಬಂದವು. ನಯಾಜನ ಬಿಳಿ ಅಂಗಿ ಆಪೂಸು ಬಣ್ಣಕ್ಕೆ ತಿರುಗಿತು. ಪೀರಮ್ಮ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು ಬತ್ತಿಗಳ ಸಮೇತ ಅಡುಗೆಮನೆ ಸೇರಿದಳು. ಒಂದು ಹನಿ ಅಷ್ಟು ದೂರ ಹಾರಿ ಪಂಚಾಕ್ಷರಯ್ಯನವರ ಕನ್ನಡಕದ ಮೇಲೆ ಕೂತಿತು. ರಾಜಶೇಖರ ಕಡ್ಡಿಯನ್ನು ಪೂರ್ತಿ ಕೆಳಗೆಳೆದ. ಹೆಲಿಕಾಪ್ಟರ್ ಪಾತ್ರೆಯಲ್ಲಿ ಕಾಲೂರಿತು. ಸದ್ದು ನಿಂತಿತು.

ಪಂಚಾಕ್ಷರಯ್ಯನವರು ಕನ್ನಡಕ ತೆಗೆದರು. ಹನಿಯನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡು, ಯಾಲಕ್ಕಿ ಸ್ವಲ್ಪ ಕಡಿಮೆಯಾಗಿದೆ ಎಂದು ಮಗಳಿಗೆ ತಿಳಿಸಿದರು. ಬಳಿಕ ಕೈಚಾಚಿ ನೋಟ್‌ಬುಕ್ ಕೇಳಿದರು.

ರಾಜಶೇಖರ ಕೊಟ್ಟ. ಅವರು ಪುಟಗಳನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದಾಗಿ ಓದಿದರು. ವೋಲ್ಟ್, ಉಷ್ಣತೆ, ತೇವಾಂಶ, ರಸಮಟ್ಟ. ಬ್ಯಾಟರಿ ಹೊಸದು. ಶಿವಾಜಿನಗರದ ನೆಲ ಇಳಿಜಾರು. ಮದುವೆಯಾದ ದಿನದಿಂದ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಅವರ ಬಾಯಿಂದ ಒಂಬತ್ತು ವರ್ಷದ ಬಳಿಕ ಹಳೆಯ ದನಿ ಬಂತು.

"ಲೇ ರಾಜಶೇಖರಾ, ಏಳ್ ಮ್ಯಾಲ."

ನಿಂತೇ ಇದ್ದ ರಾಜಶೇಖರ ಇನ್ನೊಮ್ಮೆ ನಿಂತ.

"ಈ ಹದಿನೇಳು ದಿನ ಫ್ಯಾನ್ ಹಚ್ಚಿತ್ತೋ, ಆರಿಸಿತ್ತೋ?"

ರಾಜಶೇಖರ ತಲೆ ಎತ್ತಿ ಫ್ಯಾನು ನೋಡಿದ. ಅವನ ಕಣ್ಣ ಮುಂದೆ ಕೆ.ಆರ್. ಪುರದ ಗಾಜಿನ ಪೆಟ್ಟಿಗೆ, ಅದರ ಬಾಗಿಲು, ಅದರ ಹತ್ತಿರ ಉಸಿರಾಡಲು ಹೆದರುವ ಹೊಸ ಹುಡುಗರು, ಎಲ್ಲ ಸಾಲಾಗಿ ಹಾದುಹೋದವು. ಗೋಡೆಯ ಕಡೆಯಿಂದ ನಯಾಜ್ ಮೆಲ್ಲಗೆ, "ನಾನು ಹೇಳ್ದೆ ಸಾರ್, ಗಾಳಿ ಅಂತ" ಎಂದ. ಮಂಚದ ಮೇಲಿಂದ ಶರಣವ್ವ, ತಾನೂ ಅದನ್ನೇ ಅಂದಿದ್ದೆ, ದೆವ್ವದ ಮಾತನ್ನು ತೆಗೆದವನು ಅವನೇ ಎಂದು ಬೀಗರಿಗೆ ವಿವರಿಸಿದಳು.

"ನಾನೂ ಆವಾಗಿಂದ ಹಚ್ಚರಿ ಹಚ್ಚರಿ ಅನ್ನಾಕತ್ತೀನಿ. ದೀಪಾ ಅಲ್ರಿ, ಫ್ಯಾನ" ಎಂದರು ಪಂಚಾಕ್ಷರಯ್ಯನವರು. "ಆತು. ಪ್ರಯೋಗ ಅರ್ಧಕ್ಕ ಬಿಡಬಾರದು. ಆರತಿ ಆಮ್ಯಾಲ. ಎಷ್ಟರಾಗ ಇಟ್ಟಿದ್ರಿ? ಐದರಾಗ? ಐದರಾಗ ಇಡ್ರಿ."

ನಯಾಜ್ ಹೆಲಿಕಾಪ್ಟರನ್ನು ಶೀಕರಣೆಯಿಂದ ಎತ್ತಿ, ಮೋಟರಿಗೆ ಹೋಗಿಲ್ಲ, ಕಾಲಿಗೆ ಮಾತ್ರ ಆಗಿದೆ ಎಂದು ಕರ್ಚೀಫಿನಲ್ಲಿ ಒರೆಸಿ ಸ್ಟೂಲಿನ ಮೇಲಿಟ್ಟ. ಮೂತಿ ಮೇಲೆದ್ದೇ ಇದ್ದುದರಿಂದ ಅರವತ್ತು ಎಸಳೂ ಬಟ್ಟಲಿನಲ್ಲಿ ಕ್ಷೇಮವಾಗಿದ್ದವು. ಶರಣವ್ವ ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು. ರಾಜಶೇಖರ ಹೆಬ್ಬೆರಳಿನಿಂದ ಕಡ್ಡಿ ಎತ್ತಿದ.

ಹೆಲಿಕಾಪ್ಟರ್ ಎದ್ದಿತು. ಆಳೆತ್ತರಕ್ಕೆ ಬಂತು. ಮಾವನವರ ನೆತ್ತಿಯ ಮೇಲೆ, ಒಂದು ಕೂದಲೆಳೆ ಆಚೀಚೆಯಾಗದೆ, ನಿಂತಿತು. ಯಾರೂ ಉಸಿರಾಡಲಿಲ್ಲ. ರಾಜಶೇಖರ ಮೆಲ್ಲಗೆ ಮೂತಿ ಬಾಗಿಸಿದ. ಬಟ್ಟಲು ಬಗ್ಗಿತು. ಅರವತ್ತು ಎಸಳು ಹೊರಬಿದ್ದವು.

ಐದನೇ ನಂಬರಿನ ಫ್ಯಾನು ಅವನ್ನು ಗಾಳಿಯಲ್ಲೇ ಹಿಡಿಯಿತು. ಹದಿನೇಳು ದಿನ ಹೆಲಿಕಾಪ್ಟರನ್ನು ತಳ್ಳಿದ ದಾರಿಯಲ್ಲೇ, ಎಡಕ್ಕೆ, ಕಿಟಕಿಯ ಕಡೆಗೆ ಒಯ್ದಿತು. ಪಂಚಾಕ್ಷರಯ್ಯನವರ ಮೇಲೆ ಒಂದೂ ಬೀಳಲಿಲ್ಲ. ಮಂಚದ ಮೇಲೆ ಕೂತಿದ್ದ ಶರಣವ್ವನ ತಲೆ, ಹೆಗಲು, ಸೆರಗು, ಮಡಿಲು, ಎಲ್ಲ ಗುಲಾಬಿಯಾಯಿತು. ಅವಳು ಕಣ್ಣೆವೆಯ ಮೇಲಿನ ಒಂದು ಎಸಳನ್ನು ಊದಿಕೊಂಡು ಮಗನನ್ನು ನೋಡಿದಳು.

"ಈಗರೆ ಆರಿಸ್ಲೇನಪಾ?"

ಮೊದಲು ನಕ್ಕದ್ದು ಪಂಚಾಕ್ಷರಯ್ಯನವರು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಯಾರೂ ಕಂಡಿರದ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಬೀಳಬೇಕಾದವರ ಮೇಲೆಯೇ ಬಿದ್ದಿವೆ ಬಿಡಿ ಎಂದರು. ಆಮೇಲೆ ಫ್ಯಾನ್ ಆರಿತು, ಆರತಿ ಆಯಿತು, ಉಳಿದ ಅರ್ಧ ಪಾತ್ರೆ ಶೀಕರಣೆಯಲ್ಲೇ ಎಲ್ಲರ ಹೋಳಿಗೆಯೂ ಆಯಿತು. ಊಟ ಮುಗಿಯುವವರೆಗೂ ರಾಜಶೇಖರ ತಲೆ ತಗ್ಗಿಸಿಯೇ ಇದ್ದ.

ಸಂಜೆ ನಯಾಜ್, ಪೀರಮ್ಮ ಹೋದ ಮೇಲೆ ಮಂಚದ ಮೇಲೆ ನೋಟ್‌ಬುಕ್ ಸಿಕ್ಕಿತು. ಅವನು ಎದೆ ಗಟ್ಟಿಮಾಡಿಕೊಂಡು ಕೊನೆಯ ಪುಟ ತೆರೆದ. ಪೊರೆ ಬಂದ ಕಣ್ಣಿನ ಅಕ್ಷರ ಸ್ವಲ್ಪ ಸೊಟ್ಟಗಿತ್ತು. ಶಾಯಿ ಅದೇ ಕೆಂಪು. ನಕಲು ಹೊಡೆಯುವವರನ್ನು ಉಸಿರಿನಿಂದಲೇ ಹಿಡಿಯುತ್ತಿದ್ದ ಮೇಷ್ಟ್ರು, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, ಹೀಗೆ ಬರೆದಿದ್ದರು:

"ಬರವಣಿಗೆ ಚೆನ್ನಾಗಿದೆ. ವೀಕ್ಷಣೆಯನ್ನು ತಾಯಿಯವರಿಂದ ನಕಲು ಮಾಡಬಹುದಾಗಿತ್ತು."